ಬೆಳಗ್ಗೆ ಸರಿಯಿದ್ದ ಸೈಜ್ ಹನ್ನೊಂದಕ್ಕೆ ಯಾಕೆ ತಪ್ಪುತ್ತದೆ?

ಕಾರ್ಖಾನೆ ಪ್ರಶ್ನೋತ್ತರ

ಉತ್ತರಿಸುವವರು: ಪೀಣ್ಯದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ದುಡಿದು ನಿವೃತ್ತರಾದ ಮಹಿಳೆ

ಈ ಸಲದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಮಾತು: ‘ಇದು ನನ್ನ ತಪ್ಪಾ, ಮೇಡಂ?’ ಕಾರ್ಖಾನೆಯಲ್ಲಿ ಒಂದು ಪೀಸ್ ಕೆಟ್ಟರೆ ಎಲ್ಲರೂ ಮೊದಲು ಹುಡುಕುವುದು ಒಬ್ಬ ಮನುಷ್ಯನನ್ನು. ನಾನು ರಿಜೆಕ್ಷನ್ ಸ್ಟಿಕ್ಕರ್ ಅಂಟಿಸುತ್ತಿದ್ದವಳು. ಬೈಸಿಕೊಂಡವರ ಮುಖ ಸಾಕಷ್ಟು ನೋಡಿದ್ದೇನೆ. ಬೈಗುಳದಿಂದ ಸೈಜ್ ಸರಿಹೋಗಿದ್ದನ್ನು ಮಾತ್ರ ನೋಡಿಲ್ಲ.

ಪ್ರಶ್ನೆ: ಐಟಿಐ ಟರ್ನರ್ ಮುಗಿಸಿ ಸಿಎನ್‌ಸಿ ಲೇತ್ (ಕಂಪ್ಯೂಟರ್ ಹಿಡಿತದಲ್ಲಿ ಓಡುವ ಕಡೆಯುವ ಮೆಷಿನ್) ಆಪರೇಟರ್ ಆಗಿ ಸೇರಿದ್ದೇನೆ. ಅಲ್ಯೂಮಿನಿಯಂ ಹೌಸಿಂಗ್‌ನಲ್ಲಿ 50 ಮಿ.ಮೀ. ಬೋರ್ (ದುಂಡನೆಯ ರಂಧ್ರ) ಮಾಡುವ ಕೆಲಸ. ಟಾಲರೆನ್ಸ್, ಅಂದರೆ ಸೈಜ್ ಹೆಚ್ಚುಕಡಿಮೆಯಾಗಲು ಬಿಟ್ಟಿರುವ ಜಾಗ, 25 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಬೆಳಗ್ಗೆ ಎಲ್ಲ ಸರಿಯಿರುತ್ತದೆ. ಹನ್ನೊಂದರ ಹೊತ್ತಿಗೆ ಸೈಜ್ ಓಡಾಡಲು ಶುರುವಾಗುತ್ತದೆ. ನಾನು ಓಕೆ ಮಾಡಿ ಕಳಿಸಿದ ಪೀಸು ಇನ್‌ಸ್ಪೆಕ್ಷನ್‌ನಲ್ಲಿ ರಿಜೆಕ್ಟ್ ಆಗುತ್ತದೆ. ‘ನಿನಗೆ ಗಮನ ಇಲ್ಲ’ ಎಂದು ಸೂಪರ್‌ವೈಸರ್ ಬೈಯುತ್ತಾರೆ. ನನ್ನ ತಪ್ಪಾ?
(ಓದುಗ, ಹಾಸನ)

ಉತ್ತರ: ಮಗನ ವಯಸ್ಸಿನವನು, ನೀನು ಅಂತಲೇ ಬರೆಯುತ್ತೇನೆ. ಹನ್ನೊಂದು ಗಂಟೆ ಅಂತ ಹೊತ್ತು ಬರೆದಿದ್ದೀಯಲ್ಲ, ಅಲ್ಲೇ ಅರ್ಧ ಉತ್ತರ ಇದೆ. ಗಮನ ಇಲ್ಲದವನ ತಪ್ಪು ಗಡಿಯಾರ ನೋಡಿಕೊಂಡು ಬರುವುದಿಲ್ಲ.

ಮೊದಲು ಬಿಸಿಯ ವಿಷಯ. ಅಲ್ಯೂಮಿನಿಯಂ ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿ ಬಿಸಿಗೆ, ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಸ್ಟೀಲ್ ಅದರ ಅರ್ಧದಷ್ಟು. ನಿನ್ನ 50 ಮಿ.ಮೀ. ಬೋರಿಗೆ ಲೆಕ್ಕ ಹಾಕಿದರೆ ಒಂದು ಡಿಗ್ರಿಗೆ ಒಂದು ಮೈಕ್ರಾನ್ ಚಿಲ್ಲರೆ. ಆಗ ತಾನೇ ಮೆಷಿನ್‌ನಿಂದ ತೆಗೆದ ಪೀಸು ರೂಮಿಗಿಂತ ಹತ್ತು ಡಿಗ್ರಿ ಬಿಸಿ ಇದ್ದರೆ ಹನ್ನೊಂದು ಹನ್ನೆರಡು ಮೈಕ್ರಾನ್ ಹೋಯಿತು. ಅಂದರೆ ನಿನಗೆ ಕೊಟ್ಟ 25ರಲ್ಲಿ ಹತ್ತಿರ ಹತ್ತಿರ ಅರ್ಧ, ಯಾರೂ ಏನೂ ಮಾಡದೆ, ಸುಮ್ನೆ ಬಿಸಿಗೇ ಖರ್ಚು.

ಬಿಸಿ ಪೀಸಿನಲ್ಲಿ ಬೋರ್ ದೊಡ್ಡದಾಗಿ ಕಾಣುತ್ತದೆ. ನೀನು ‘ಸೈಜ್ ಬಂತು’ ಅಂತ ಟ್ರೇಗೆ ಹಾಕುತ್ತೀಯ. ತಣ್ಣಗಾದ ಮೇಲೆ ಅದು ಕುಗ್ಗುತ್ತದೆ. ಇನ್‌ಸ್ಪೆಕ್ಷನ್ ರೂಮಿನಲ್ಲಿ ಎಸಿ ಹಾಕಿ 20 ಡಿಗ್ರಿ ಇಟ್ಟಿರುತ್ತಾರೆ, ಅಳತೆಗೆ ಜಗತ್ತಿನಾದ್ಯಂತ ಒಪ್ಪಿರುವ ಉಷ್ಣಾಂಶ ಅದು. ಅಲ್ಲಿ ಅಳೆದಾಗ ಬೋರ್ ಚಿಕ್ಕದು. ನಿನ್ನ ಅಳತೆಯೂ ಸುಳ್ಳಲ್ಲ, ಅವರದ್ದೂ ಸುಳ್ಳಲ್ಲ. ಈ ಜಗಳ ನಮ್ಮ ಕಿಟಕಿಯ ಮುಂದೆ ದಿನಾ ನಡೆಯುತ್ತಿತ್ತು. ಏಪ್ರಿಲ್ ತಿಂಗಳಲ್ಲಿ, ಶೀಟಿನ ಚಾವಣಿ ಕಾಯುವಾಗ, ಇನ್ನೂ ಜಾಸ್ತಿ.

ಇನ್ನು ಮೆಷಿನ್. ಬೆಳಗ್ಗೆ ತಣ್ಣಗಿರುವ ಸ್ಪಿಂಡಲ್ (ಪೀಸನ್ನು ತಿರುಗಿಸುವ ದಂಡ), ಬಾಲ್ ಸ್ಕ್ರೂ (ಟೂಲನ್ನು ಹಿಂದೆ ಮುಂದೆ ಸರಿಸುವ ಸ್ಕ್ರೂ) ಓಡುತ್ತಾ ಓಡುತ್ತಾ ಬಿಸಿಯಾಗುತ್ತವೆ, ಸ್ವಲ್ಪ ಹಿಗ್ಗುತ್ತವೆ, ಒಂದು ಹದಕ್ಕೆ ಬಂದು ನಿಲ್ಲುತ್ತವೆ. ಆಮೇಲೆ ಟೀ ಬ್ರೇಕ್. ಎಲ್ಲರೂ ಹೊರಗೆ ಹೋಗಿ ಬರುವಷ್ಟರಲ್ಲಿ ಮೆಷಿನ್ ಮತ್ತೆ ಆರಿರುತ್ತದೆ. ಬ್ರೇಕ್ ಮುಗಿದ ಮೇಲಿನ ಮೊದಲ ಪೀಸನ್ನು ನಾನು ಯಾವತ್ತೂ ನಂಬಿದವಳಲ್ಲ. ನಿಮ್ಮಲ್ಲಿ ಟೀ ಎಷ್ಟು ಗಂಟೆಗೆ? ಹತ್ತೂವರೆಗಾದರೆ ನಿನ್ನ ಹನ್ನೊಂದರ ಕಾಟಕ್ಕೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ.

ಹಾಗಂತ ಬಿಸಿಯೇ ಕಾರಣ ಅಂತ ಇಲ್ಲಿ ಕೂತು ತೀರ್ಪು ಕೊಡುವುದಿಲ್ಲ. ಒಂದು ನೋಟ್‌ಬುಕ್ ಇಟ್ಟುಕೋ. ಐದು ಪೀಸಿಗೊಮ್ಮೆ ಟೈಮ್ ಮತ್ತು ಸೈಜ್ ಬರೆ. ಇನ್ಸರ್ಟ್ (ಲೋಹ ಕತ್ತರಿಸುವ ಪುಟ್ಟ ಬಿಲ್ಲೆ) ಹೊಸ ಮೂಲೆಗೆ ತಿರುಗಿಸಿದರೆ, ಬಾರ್ ಅಥವಾ ಕಾಸ್ಟಿಂಗ್ ಲಾಟ್ ಬದಲಾದರೆ, ಮೆಷಿನ್ ನಿಂತರೆ, ಪಕ್ಕದಲ್ಲಿ ಅದನ್ನೂ ಬರೆ. ಕೆಲವು ದಿನ ಆದ ಮೇಲೆ ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟು ನೋಡು. ಬೋರ್ ಮೆಲ್ಲಗೆ ಚಿಕ್ಕದಾಗುತ್ತಾ ಹೋಗಿ, ಇನ್ಸರ್ಟ್ ತಿರುಗಿಸಿದ ತಕ್ಷಣ ಮೇಲೆ ಹಾರಿದರೆ ಅದು ಟೂಲ್ ಸವೆತ. ಬ್ರೇಕ್ ಆದ ಮೇಲೆ ಒಂದಷ್ಟು ಪೀಸು ಮಾತ್ರ ದಾರಿ ತಪ್ಪಿ, ತಾನೇ ವಾಪಸ್ ಬಂದರೆ ಅದು ಬಿಸಿ. ಇದ್ದಕ್ಕಿದ್ದಂತೆ ಒಂದು ಕಡೆಗೆ ಜಿಗಿದು ಅಲ್ಲೇ ನಿಂತರೆ ಇನ್ಸರ್ಟಿನ ಮೂಲೆ ಚಕ್ಕೆ ಎದ್ದಿರಬಹುದು, ಅಥವಾ ಹೋಲ್ಡರ್ ಜರುಗಿರಬಹುದು. ಮೇಲೆ ಕೆಳಗೆ ಯದ್ವಾತದ್ವಾ ಕುಣಿದರೆ ಪೀಸನ್ನು ಕಚ್ಚಿ ಹಿಡಿಯುವ ಜಾ ಹಿಡಿತ ನೋಡು. ತೆಳು ಗೋಡೆಯ ಹೌಸಿಂಗ್ ಆದರೆ ಜಾ ಒತ್ತಡಕ್ಕೇ ಬೋರ್ ಮೂರು ಮೂಲೆಯಾಗುತ್ತದೆ. ಹಿಡಿದಾಗ ದುಂಡಗೆ, ಬಿಟ್ಟಾಗ ಸೊಟ್ಟ.

ಹಾಗೇ, ಅಳೆಯುತ್ತಿರುವುದು ಯಾವುದರಲ್ಲಿ? ವರ್ನಿಯರ್‌ನಲ್ಲಿ ಅಂತ ಮಾತ್ರ ಹೇಳಬೇಡ. ಶಾಪ್‌ನಲ್ಲಿ ಸಿಗುವ ಸಾಮಾನ್ಯ ವರ್ನಿಯರ್ ತೋರಿಸುವುದೇ 20 ಮೈಕ್ರಾನ್ ಲೆಕ್ಕದಲ್ಲಿ, ನಿನ್ನ ಟಾಲರೆನ್ಸ್ 25. ಡಯಲ್ ಬೋರ್ ಗೇಜ್ ಬೇಕು, ಗೇಜನ್ನು ಸೊನ್ನೆಗೆ ಕೂರಿಸಲು ಸೆಟ್ಟಿಂಗ್ ರಿಂಗ್ ಬೇಕು. ಗೇಜನ್ನಾಗಲಿ ರಿಂಗನ್ನಾಗಲಿ ಕೈಯಲ್ಲಿ ಹಿಡಿದುಕೊಂಡೇ ಹರಟೆ ಹೊಡೆಯಬಾರದು, ಕೈ ಬಿಸಿ ರಿಂಗಿಗೂ ಹತ್ತುತ್ತದೆ. ಒಂದೇ ಪೀಸನ್ನು ನೀನು, ಎರಡನೇ ಶಿಫ್ಟಿನವನು, ಇನ್‌ಸ್ಪೆಕ್ಟರ್, ಮೂವರೂ ಅಳೆಯಿರಿ. ಮೂರು ಉತ್ತರ ಬಂದರೆ ಮೆಷಿನ್ ಮುಟ್ಟಲೇಬೇಡಿ. ಮೊದಲು ಅಳತೆ ಸರಿಮಾಡಿಕೊಳ್ಳಿ.

ಇನ್ನೊಂದು ವಿಷಯ. ಪ್ರತಿ ಪೀಸಿಗೂ ಆಫ್‌ಸೆಟ್ (ಟೂಲ್ ಎಲ್ಲಿ ನಿಲ್ಲಬೇಕು ಅಂತ ಮೆಷಿನ್‌ಗೆ ಕೊಡುವ ಅಂಕಿ) ತಿದ್ದುತ್ತಿದ್ದೀಯಾ? ಹೊಸ ಹುಡುಗರು ಭಯಕ್ಕೆ ಹಾಗೆ ಮಾಡುತ್ತಾರೆ. ಮೂರು ಮೈಕ್ರಾನ್ ಹೆಚ್ಚಾದರೆ ಮೂರು ಇಳಿಸುವುದು, ಮುಂದಿನದು ಕಡಿಮೆಯಾದರೆ ಮತ್ತೆ ಏರಿಸುವುದು. ಹೀಗೆ ಅಟ್ಟಿಸಿಕೊಂಡು ಹೋದರೆ ಸೈಜ್ ಮೊದಲಿಗಿಂತ ಜಾಸ್ತಿ ಕುಣಿಯುತ್ತದೆ. ಒಂದೇ ದಿಕ್ಕಿಗೆ ಸಾಗುತ್ತಿದೆ ಅಂತ ಚುಕ್ಕಿಗಳು ಹೇಳಿದಾಗ ಮಾತ್ರ ತಿದ್ದು.

ಸೂಪರ್‌ವೈಸರ್ ಹತ್ತಿರ ವಾದಕ್ಕೆ ಹೋಗಬೇಡ. ಆ ಹಾಳೆಯನ್ನು ಅವರ ಟೇಬಲ್ ಮೇಲೆ ಇಟ್ಟು ‘ಸಾರ್, ಇದನ್ನ ಸ್ವಲ್ಪ ನೋಡ್ತೀರಾ?’ ಅನ್ನು. ಅವರಿಗೂ ಮೇಲಿನವರಿಗೆ ತೋರಿಸಲು ಏನಾದರೂ ಬೇಕಾಗಿರುತ್ತದೆ.

ಪ್ರಶ್ನೆ: ನಮ್ಮ ಸೀನಿಯರ್ ಗ್ಲೌಸ್ ಹಾಕಿಕೊಂಡೇ ಡ್ರಿಲ್ಲಿಂಗ್ ಮಾಡುತ್ತಾರೆ. ಮೆಷಿನ್ ಬಾಗಿಲಿನ ಸೆನ್ಸರ್‌ಗೆ ಟೇಪ್ ಸುತ್ತಿದ್ದಾರೆ, ಬಾಗಿಲು ತೆಗೆದರೂ ಸ್ಪಿಂಡಲ್ ನಿಲ್ಲುವುದಿಲ್ಲ. ಕೇಳಲು ಭಯ.
(ಹೆಸರು ಬೇಡ, ತುಮಕೂರು)

ಉತ್ತರ: ತಿರುಗುವ ಡ್ರಿಲ್, ಪೀಸು ಹಿಡಿದು ತಿರುಗುವ ಚಕ್, ಇವುಗಳ ಹತ್ತಿರ ಗ್ಲೌಸ್ ಬೇಡವೇ ಬೇಡ. ಬರಿಗೈ ಆದರೆ ತರಚುತ್ತದೆ. ಗ್ಲೌಸಿನ ದಾರ ಸಿಕ್ಕಿಕೊಂಡರೆ ಕೈಯನ್ನೇ ಎಳೆದುಕೊಳ್ಳುತ್ತದೆ, ಬಿಡಿಸಿಕೊಳ್ಳಲು ಸಮಯ ಇರುವುದಿಲ್ಲ. ಉಂಗುರ, ಕೈಗೆ ಕಟ್ಟಿದ ದಾರ, ತುಂಬು ತೋಳಿನ ಶರ್ಟು, ಇವೂ ಅಷ್ಟೇ. ನಾವು ಹೆಂಗಸರು ಬಳೆ ತೆಗೆದು, ಜಡೆ ಸುತ್ತಿ ಕ್ಯಾಪ್ ಒಳಗೆ ಸೇರಿಸಿ ಶಾಪ್‌ಗೆ ಇಳಿಯುತ್ತಿದ್ದೆವು. ‘ಬಳೆ ತೆಗೆದರೆ ಅಪಶಕುನ’ ಎಂದು ಅತ್ತೆ ಗೊಣಗಿದರೆ ಊಟದ ಡಬ್ಬಿಯಲ್ಲಿ ಹಾಕಿಟ್ಟು, ಗೇಟ್ ದಾಟಿದ ಮೇಲೆ ಹಾಕಿಕೊಳ್ಳುವುದು. ಸುರುಳಿ ಸುರುಳಿಯಾಗಿ ಬರುವ ಚಿಪ್ಸನ್ನು ಕೈಯಲ್ಲಿ ಎಳೆಯಬಾರದು, ಕೊಕ್ಕೆ ಇರುವುದೇ ಅದಕ್ಕೆ. ಏರ್ ಹೋಸ್ ಇರುವುದು ಮೈ ಮೇಲಿನ ಧೂಳು ಹೊಡೆದುಕೊಳ್ಳಲು ಅಲ್ಲ.

ಟೇಪಿನ ವಿಷಯ. ಆಯುಧಪೂಜೆ ದಿನ ಅದೇ ಮೆಷಿನ್ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿ, ಬೂದುಗುಂಬಳಕಾಯಿ ಒಡೆಯುತ್ತಾರೆ, ಅನಾಹುತ ಆಗದಿರಲಿ ಅಂತ. ಆ ಟೇಪ್ ಮಾತ್ರ ಹಾಗೇ ಇರುತ್ತದೆ. ನನಗೆ ಇದು ಯಾವತ್ತೂ ಅರ್ಥವಾಗಿಲ್ಲ.

ಟೇಪ್ ಸುತ್ತಿದವರಿಗೆ ಕೈ ಕಳೆದುಕೊಳ್ಳುವ ಆಸೆ ಇರುವುದಿಲ್ಲ. ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್ ಕೊಟ್ಟಿರುತ್ತಾರೆ, ಬಾಗಿಲು ಹಾಕಿ ತೆಗೆಯುವ ಸೆಕೆಂಡುಗಳನ್ನು ಆ ಲೆಕ್ಕದಲ್ಲಿ ಹಿಡಿದಿರುವುದಿಲ್ಲ. ಅದಕ್ಕೇ ಸೀನಿಯರ್ ಮೇಲೆ ದೂರು ಹೇಳಿದಂತೆ ಕಾಣದ ಹಾಗೆ ಕೇಳು: ‘ಬಾಗಿಲು ಮುಚ್ಚಿ ಓಡಿಸಿದರೆ ಟಾರ್ಗೆಟ್ ಬರ್ತಾ ಇಲ್ಲ ಸಾರ್, ಸೈಕಲ್ ಟೈಮ್ ಒಂದು ಸಲ ನೋಡಿ.’ ನಿಮ್ಮಲ್ಲಿ ಸೇಫ್ಟಿ ಕಮಿಟಿ ಇದ್ದರೆ ಅಲ್ಲಿರುವ ಕಾರ್ಮಿಕ ಸದಸ್ಯರ ಕಿವಿಗೂ ಹಾಕು. ನಿನ್ನ ಶಿಫ್ಟಿನಲ್ಲಿ ಟೇಪ್ ಇರುವ ಬಾಗಿಲೊಳಗೆ ಕೈ ಹಾಕುವ ಮೊದಲು ಸ್ಪಿಂಡಲ್ ಪೂರ್ತಿ ನಿಂತಿದೆಯಾ ಅಂತ ಕಣ್ಣಲ್ಲೇ ನೋಡು.

ಪ್ರಶ್ನೆ: ಚಿಕ್ಕ ವರ್ಕ್‌ಶಾಪ್ ನಡೆಸುತ್ತೇನೆ. ದೊಡ್ಡ ಕಂಪನಿಯೊಂದು ನಮ್ಮ ಒಂದು ಲಾಟ್ ವಾಪಸ್ ಕಳಿಸಿ, ‘ವೈ ವೈ ಅನಾಲಿಸಿಸ್’ ಬರೆದುಕೊಡಿ ಅಂತ ಪೀಡಿಸುತ್ತಿದೆ. ‘ಆಪರೇಟರ್ ನಿರ್ಲಕ್ಷ್ಯ’ ಅಂತ ಬರೆದು ಕಳಿಸಿದರೆ ಮೂರು ಸಲ ವಾಪಸ್ ಬಂತು. ಇದೆಲ್ಲ ಪೇಪರ್ ಕೆಲಸ ಅಲ್ವಾ?
(ಓದುಗರು, ಬೆಳಗಾವಿ ಉದ್ಯಮಬಾಗ್)

ಉತ್ತರ: ಸಾರ್, ನಾನು ಆ ಕಂಪನಿಯಲ್ಲಿ ಇದ್ದಿದ್ದರೆ ನಾಲ್ಕನೇ ಸಲವೂ ವಾಪಸ್ ಕಳಿಸುತ್ತಿದ್ದೆ. ಬೇಜಾರು ಮಾಡಿಕೊಳ್ಳಬೇಡಿ.

‘ಯಾಕೆ’ ಅಂತ ಐದು ಸಲ ಕೇಳುವ ಪದ್ಧತಿ ಟೊಯೊಟಾದ್ದು, ತಾಯಿಚಿ ಓನೊ ಅದನ್ನು ಹೆಸರು ಮಾಡಿದವರು. ಟೊಯೊಟಾ ಬಿಡದಿಗೆ ಬಂದ ಮೇಲೆ ನಮ್ಮ ಕಡೆಯ ಸಣ್ಣ ಪುಟ್ಟ ಸಪ್ಲೈಯರ್‌ಗಳ ಬಾಯಲ್ಲೂ ಈ ಮಾತು ಕುಳಿತುಕೊಂಡಿತು. ಫಾರ್ಮ್ ಎಲ್ಲರಿಗೂ ಬಂತು, ಕೇಳುವ ಅಭ್ಯಾಸ ಬರಲಿಲ್ಲ. ಫಾರ್ಮ್‌ನಲ್ಲಿ ಐದು ಖಾಲಿ ಜಾಗ ಇದೆ ಅಂತ ಐದು ಸುಳ್ಳು ತುಂಬಿಸಿ ಕಳಿಸುವವರೇ ಜಾಸ್ತಿ.

ನಮ್ಮಲ್ಲಿ ನಡೆದದ್ದು ಹೇಳುತ್ತೇನೆ. ಅಲ್ಯೂಮಿನಿಯಂ ಕವರ್ ಒಂದು ಗ್ಯಾಸ್ಕೆಟ್ ಕೂರುವ ಮುಖದ ಮೇಲೆ ಸಣ್ಣ ಪೆಟ್ಟು ಬಿದ್ದು ವಾಪಸ್ ಬರುತ್ತಿತ್ತು. ಉಗುರು ಆಡಿಸಿದರೆ ಮಾತ್ರ ತಿಳಿಯುವಷ್ಟು. ಆದರೆ ಅಲ್ಲಿಂದ ಎಣ್ಣೆ ಸೋರುತ್ತದೆ. ಪ್ಯಾಕಿಂಗ್ ಹುಡುಗರಿಗೆ ಮೆಮೊ ಕೊಟ್ಟರು. ಪೆಟ್ಟು ನಿಲ್ಲಲಿಲ್ಲ. ನಾನು ಒಂದು ಟ್ರೇ ತರಿಸಿ ಟೇಬಲ್ ಮೇಲೆ ಇಟ್ಟು ನೋಡಿದೆ. ಪೆಟ್ಟಿನ ಗುರುತು ಎಲ್ಲದರಲ್ಲೂ ಒಂದೇ ಬದಿಗೆ ಇತ್ತು, ಪಕ್ಕದ ಕವರಿನ ಬೋಲ್ಟ್ ಕಿವಿಗೆ ನೇರವಾಗಿ. ಕೈಜಾರಿ ಬಿದ್ದಿದ್ದರೆ ಗುರುತು ಹೀಗೆ ಸಾಲಾಗಿ ಇರುವುದಿಲ್ಲ.

ಯಾಕೆ ತಾಗುತ್ತಿದೆ? ಟ್ರೇ ಒಳಗಿನ ಅಡ್ಡಪಟ್ಟಿ ಇಲ್ಲ. ಯಾಕೆ ಇಲ್ಲ? ತೆಗೆದು ಹಾಕಿದ್ದಾರೆ. ಯಾಕೆ? ಪಟ್ಟಿ ಇಲ್ಲದಿದ್ದರೆ ಒಂದು ಟ್ರೇಯಲ್ಲಿ ಜಾಸ್ತಿ ಪೀಸು ಹಿಡಿಯುತ್ತದೆ. ಜಾಸ್ತಿ ಯಾಕೆ ಬೇಕು? ಟೆಂಪೋ ಬಾಡಿಗೆ ಟ್ರೇ ಲೆಕ್ಕದಲ್ಲಿ, ಡಿಸ್‌ಪ್ಯಾಚ್‌ನವರಿಗೆ ಖರ್ಚು ಇಳಿಸಿ ಅಂತ ಆಫೀಸಿನಿಂದ ಹೇಳಿತ್ತು. ಮೆಮೊ ಹೋಗಿದ್ದು ಪ್ಯಾಕಿಂಗ್‌ಗೆ, ಪೆಟ್ಟು ಹುಟ್ಟಿದ್ದು ಬಾಡಿಗೆ ಮಾತಾಡಿದ ಟೇಬಲ್‌ನಲ್ಲಿ. ಬಾಡಿಗೆಯನ್ನು ಟ್ರಿಪ್ಪಿನ ಲೆಕ್ಕಕ್ಕೆ ಬದಲಾಯಿಸಿ, ಅಡ್ಡಪಟ್ಟಿಯನ್ನು ಟ್ರೇಗೆ ರಿವಿಟ್ ಹೊಡೆಸಿದರು. ಕಂಪ್ಲೇಂಟ್ ನಿಂತಿತು. ಮೆಮೊ ಮಾತ್ರ ಯಾರೂ ವಾಪಸ್ ತೆಗೆದುಕೊಳ್ಳಲಿಲ್ಲ. ಅದು ನನಗೆ ಇವತ್ತಿಗೂ ಸರಿಕಾಣುವುದಿಲ್ಲ.

ನೀವೂ ಮೊದಲು ಕೆಟ್ಟ ಪೀಸು ತರಿಸಿಕೊಳ್ಳಿ. ಫೋಟೊ ಸಾಲದು. ಪೀಸು ಕೈಯಲ್ಲಿಟ್ಟುಕೊಂಡು, ಕೆಲಸ ನಡೆಯುವ ಜಾಗದಲ್ಲೇ ನಿಂತು, ಆ ಕೆಲಸ ಮಾಡುವವರನ್ನೇ ಕೇಳಿ. ಐದೇ ಸಲ ಅಂತ ಶಾಸ್ತ್ರವೇನಿಲ್ಲ, ಕೆಲವೊಮ್ಮೆ ಮೂರಕ್ಕೇ ಸಿಗುತ್ತದೆ. ಉತ್ತರದಲ್ಲಿ ಮನುಷ್ಯನ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಬೇಡಿ, ‘ಅವನ ಜಾಗದಲ್ಲಿ ಬೇರೆಯವನು ಇದ್ದಿದ್ದರೆ ಇದು ಆಗುತ್ತಿರಲಿಲ್ಲವಾ?’ ಅಂತ ಇನ್ನೊಂದು ಪ್ರಶ್ನೆ ಹಾಕಿ. ಎರಡನೇ ಶಿಫ್ಟಿನಲ್ಲೂ ಅದೇ ತಪ್ಪು ಬಂದಿದ್ದರೆ ನಿಮ್ಮ ಆಪರೇಟರ್ ಬಚಾವ್. ಆಗ ಬರೆದು ಕಳಿಸಿ, ವಾಪಸ್ ಬರುವುದಿಲ್ಲ.

ಪ್ರಶ್ನೆ: ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಟೂಲ್ ಅಂಡ್ ಡೈ (ಉಪಕರಣ, ಅಚ್ಚು ತಯಾರಿಕೆ) ಡಿಪ್ಲೊಮಾ ಮಾಡುತ್ತೇನೆ ಎನ್ನುತ್ತಾಳೆ. ‘ಎಣ್ಣೆ ಕೈ ಕೆಲಸ ಹೆಣ್ಣುಮಕ್ಕಳಿಗೆ ಯಾಕೆ’ ಎಂದು ಮನೆಯಲ್ಲಿ ಎಲ್ಲರ ವಿರೋಧ.
(ಒಬ್ಬ ತಾಯಿ, ಚಿತ್ರದುರ್ಗ)

ಉತ್ತರ: ಸೇರಿಸಿ ಅಮ್ಮಾ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚ್ ಕಾರ್ಖಾನೆ ಶುರುಮಾಡಿದಾಗಿನ ಮಾತು ತೆಗೆದರೆ, ಬರಿಗಣ್ಣಿಗೆ ಸರಿಯಾಗಿ ಕಾಣದ ಸ್ಕ್ರೂಗಳನ್ನು ಕೂರಿಸಿದ್ದು ಬಹಳ ಮಟ್ಟಿಗೆ ಹೆಂಗಸರ ಕೈಗಳೇ. ನಿಮ್ಮ ಮನೆಯ ಹಿರಿಯರ ಮದುವೆಯ ವಾಚೂ ಅಲ್ಲಿಂದಲೇ ಬಂದಿರಬಹುದು, ಕೇಳಿ ನೋಡಿ.

ರಾಜ್ಯ ಸರ್ಕಾರದ ಟೂಲ್ ರೂಮ್ ತರಬೇತಿ ಕೇಂದ್ರ, ಜಿಟಿಟಿಸಿ, ಇದೆ. 1972ರಲ್ಲಿ ಡೆನ್ಮಾರ್ಕ್ ಸಹಾಯದಿಂದ ಬೆಂಗಳೂರಿನಲ್ಲಿ ಶುರುವಾಗಿ ಈಗ ಹಲವು ಜಿಲ್ಲೆಗಳಿಗೆ ಹಬ್ಬಿದೆ. ಮೂರು ವರ್ಷ ಕಲಿಕೆ, ಒಂದು ವರ್ಷ ಕಾರ್ಖಾನೆಯೊಳಗೆ ತರಬೇತಿ. ಎನ್‌ಟಿಟಿಎಫ್ ಕೂಡ ಹಳೆಯ ಸಂಸ್ಥೆ. ಎರಡೂ ಕಡೆ ಮೊದಲ ದಿನಗಳಲ್ಲಿ ಬೆಂಚ್ ಮುಂದೆ ನಿಲ್ಲಿಸಿ ಅರ ಹಿಡಿಸುತ್ತಾರೆ. ಕಬ್ಬಿಣದ ತುಂಡೊಂದನ್ನು ಚಚ್ಚೌಕ ಮಾಡುವುದು, ಸಾಕಪ್ಪಾ ಅನ್ನಿಸುವಷ್ಟು ದಿನ. ಮಗಳು ಅಂಗೈ ಬೊಬ್ಬೆ ತೋರಿಸಿ ಅತ್ತರೆ ಗಾಬರಿಯಾಗಬೇಡಿ. ಹುಡುಗರೂ ಅಳುತ್ತಾರೆ, ಹಾಸ್ಟೆಲಿನಲ್ಲಿ ಅಳುತ್ತಾರೆ ಅಷ್ಟೇ.

ಕೆಲಸಕ್ಕೆ ಸೇರುವಾಗ ಮೂರು ವಿಷಯ ನೋಡಿ: ಶಾಪ್ ಹತ್ತಿರ ಹೆಂಗಸರ ಟಾಯ್ಲೆಟ್ ಇದೆಯಾ (ಆಫೀಸ್ ಬಿಲ್ಡಿಂಗಿನಲ್ಲಿ ಇರುವುದು ಲೆಕ್ಕಕ್ಕಿಲ್ಲ), ಶಿಫ್ಟ್ ಬಸ್ ಎಲ್ಲಿವರೆಗೆ ಬರುತ್ತದೆ, ಶಾಪಿನಲ್ಲಿ ಇನ್ನೊಬ್ಬ ಹೆಣ್ಣುಮಗಳು ಇದ್ದಾಳಾ. ನಮ್ಮ ಕಾಲದಲ್ಲಿ 1948ರ ಫ್ಯಾಕ್ಟರಿ ಕಾಯ್ದೆ ರಾತ್ರಿ 7ರಿಂದ ಬೆಳಗ್ಗೆ 6ರವರೆಗೆ ಹೆಂಗಸರನ್ನು ದುಡಿಸಬಾರದು ಎನ್ನುತ್ತಿತ್ತು. ಈಗ ರಾತ್ರಿ ಪಾಳಿಗೂ ದಾರಿಯಾಗಿದೆ, ಆದರೆ ಅವಳ ಒಪ್ಪಿಗೆ ಬೇಕು, ಸುರಕ್ಷತೆ ಮತ್ತು ವಾಹನದ ವ್ಯವಸ್ಥೆ ಕಂಪನಿಯದ್ದು. ಒಪ್ಪಿಗೆ ಕಾಗದಕ್ಕೆ ಸೇರಿದ ದಿನವೇ ಸುಮ್ನೆ ಸೈನ್ ಹಾಕಬೇಡ ಅಂತ ಹೇಳಿ.

ಪ್ರಶ್ನೆ: ಸಿಎನ್‌ಸಿ ಕಾಲದಲ್ಲಿ ಕೈಯಿಂದ ನಡೆಸುವ ಹಳೆಯ ಸೆಂಟರ್ ಲೇತ್ ಕಲಿಯುವುದು ದಂಡ ಅಲ್ವಾ?
(ಐಟಿಐ ವಿದ್ಯಾರ್ಥಿ, ಹರಿಹರ)

ಉತ್ತರ: ಅಲ್ಲ. ಹ್ಯಾಂಡಲ್ ತಿರುಗಿಸುವಾಗ ಕೈಗೆ ಬರುವ ಅದುರು, ಟೂಲ್ ಮೊಂಡಾದಾಗ ಬದಲಾಗುವ ಸದ್ದು, ಇವನ್ನು ಸಿಎನ್‌ಸಿಯ ಗಾಜಿನ ಬಾಗಿಲ ಹೊರಗೆ ನಿಂತು ಕಲಿಯುವುದು ಕಷ್ಟ. ಬಟನ್ ಒತ್ತುವವರು ಬೇಕಾದಷ್ಟು ಸಿಗುತ್ತಾರೆ, ಮೆಷಿನ್ ಹೊಂದಿಸಿಕೊಡುವ ಸೆಟ್ಟರ್ ಸಿಗುವುದಿಲ್ಲ. ಸಂಬಳದ ವ್ಯತ್ಯಾಸ ಅಲ್ಲೇ ಇರುವುದು.

ಪ್ರಶ್ನೆ: ಕಾಂಟ್ರಾಕ್ಟರ್ ಕೆಳಗೆ ಏಳು ವರ್ಷ ದುಡಿದಿದ್ದೇನೆ. ನಡುವೆ ಕಾಂಟ್ರಾಕ್ಟರ್ ಬದಲಾದ. ಪಿಎಫ್ ಕಟ್ಟಿದ್ದಾರೋ ಇಲ್ಲವೋ ಗೊತ್ತಿಲ್ಲ. ಹಳೆಯ ದುಡ್ಡು ಡ್ರಾ ಮಾಡಿಬಿಡು ಅನ್ನುತ್ತಾರೆ.
(ಓದುಗ, ನಂಜನಗೂಡು)

ಉತ್ತರ: ಡ್ರಾ ಮಾಡಬೇಡಿ. ಪಿಂಚಣಿಗೆ ಹತ್ತು ವರ್ಷದ ಸರ್ವಿಸ್ ಬೇಕು. ಪಿಂಚಣಿ ಭಾಗವನ್ನೂ ಸೇರಿಸಿ ಪೂರ್ತಿ ತೆಗೆದುಬಿಟ್ಟರೆ ಆ ಏಳು ವರ್ಷ ಹೋದ ಹಾಗೆ. ಹಳೆಯ ಖಾತೆಯನ್ನು ಹೊಸದಕ್ಕೆ ಟ್ರಾನ್ಸ್‌ಫರ್ ಮಾಡಿಸಿ, ಯುಎಎನ್ ನಂಬರ್ (ಪಿಎಫ್ ಸದಸ್ಯರಿಗೆ ಕೊಡುವ ಖಾಯಂ ಸಂಖ್ಯೆ) ಒಂದೇ ಇರಬೇಕು. ಎರಡನೇ ಕಾಂಟ್ರಾಕ್ಟರ್ ಹೊಸ ನಂಬರ್ ಮಾಡಿಸಿದ್ದರೆ ಅದು ದೊಡ್ಡ ತಲೆನೋವು, ಬೇಗ ಸರಿಮಾಡಿಸಿ.

ಸಂಬಳದ ಚೀಟಿಯಲ್ಲಿ ಶೇ. 12 ಹಿಡಿದಿದ್ದಾರೆ ಅಂದ ಮಾತ್ರಕ್ಕೆ ಕಟ್ಟಿದ್ದಾರೆ ಅಂತಲ್ಲ. ಪಾಸ್‌ಬುಕ್ ತೆಗೆದು ತಿಂಗಳು ತಿಂಗಳೂ ತಾಳೆ ನೋಡಿ. ಎಲ್ಲಿ ಖಾಲಿ ಬಿಟ್ಟಿದೆಯೋ ಆ ತಿಂಗಳ ಚೀಟಿ ಎತ್ತಿಟ್ಟುಕೊಳ್ಳಿ. ಕಾಂಟ್ರಾಕ್ಟರ್ ಕೈಕೊಟ್ಟರೆ ಕೆಲಸ ಮಾಡಿಸಿಕೊಂಡ ಕಂಪನಿಯೂ ಹೊಣೆ, ಪಿಎಫ್ ಆಫೀಸಿನಲ್ಲಿ ದೂರು ಕೊಡುವಾಗ ಎರಡೂ ಹೆಸರು ಬರೆಯಿರಿ. ಗೇಟ್ ಪಾಸ್, ಐಡಿ ಕಾರ್ಡ್ ಹಳೆಯದಾದರೂ ಬಿಸಾಡಬೇಡಿ. ನೀವು ಅಲ್ಲಿ ದುಡಿದಿದ್ದಕ್ಕೆ ಕೊನೆಗೆ ಉಳಿಯುವ ಸಾಕ್ಷಿ ಅದೇ.

ಪ್ರಶ್ನೆ: ಸೋಮವಾರ ಬೆಳಗ್ಗೆ ಮೆಷಿನ್ ಬಾಗಿಲು ತೆಗೆದರೆ ಕೊಳೆತ ಮೊಟ್ಟೆ ವಾಸನೆ. ಕೈಯೆಲ್ಲ ತುರಿಕೆ.
(ಓದುಗ, ದೊಡ್ಡಬಳ್ಳಾಪುರ)

ಉತ್ತರ: ಕೂಲೆಂಟ್, ಅಂದರೆ ಕತ್ತರಿಸುವಾಗ ಟೂಲ್ ತಣ್ಣಗಿಡಲು ಸುರಿಸುವ ಎಣ್ಣೆ ಬೆರೆಸಿದ ನೀರು, ಕೊಳೆತಿದೆ. ಭಾನುವಾರ ಪಂಪ್ ಓಡುವುದಿಲ್ಲ, ನೀರು ನಿಂತಿರುತ್ತದೆ. ಮೆಷಿನ್ ಭಾಗಗಳು ಜಾರುವ ಸ್ಲೈಡ್‌ವೇಯಿಂದ ಇಳಿದ ಎಣ್ಣೆ ಮೇಲೆ ಪದರವಾಗಿ ಕೂತು ಗಾಳಿ ಆಡದಂತೆ ಮುಚ್ಚುತ್ತದೆ. ಗಾಳಿ ಬೇಡದ ಬ್ಯಾಕ್ಟೀರಿಯಾಗೆ ಅದೇ ಬೇಕಿರುವುದು. ಶನಿವಾರ ಶಿಫ್ಟ್ ಬಿಡುವ ಮೊದಲು ತೇಲುವ ಎಣ್ಣೆ ತೆಗೆಯಿರಿ, ಟ್ಯಾಂಕಿನ ತಳದ ಚಿಪ್ಸ್ ಕೆಸರೂ ತೆಗೆಯಬೇಕು. ಈಗಾಗಲೇ ನಾರುತ್ತಿದ್ದರೆ ಮೇಲಿಂದ ಹೊಸದು ಸುರಿದು ಪ್ರಯೋಜನವಿಲ್ಲ. ಪೂರ್ತಿ ಬಸಿದು, ಟ್ಯಾಂಕ್ ತೊಳೆದು ಹೊಸದು ಹಾಕಬೇಕು. ಕಲಸುವಾಗ ನೀರಿಗೆ ಎಣ್ಣೆ ಹಾಕಿ, ಎಣ್ಣೆಗೆ ನೀರಲ್ಲ. ಎಷ್ಟು ಪರ್ಸೆಂಟ್ ಅಂತ ಡಬ್ಬಿಯ ಮೇಲೆ ಇರುತ್ತದೆ, ಕಣ್ಣಂದಾಜು ಬೇಡ, ಎಷ್ಟು ಗಟ್ಟಿ ಇದೆ ಅಂತ ತೋರಿಸುವ ರಿಫ್ರ್ಯಾಕ್ಟೋಮೀಟರ್‌ನಲ್ಲಿ ನೋಡಿ. ಆವಿಯಾಗುವುದು ನೀರು ಮಾತ್ರ, ಹಾಗಾಗಿ ಬೇಸಿಗೆಯಲ್ಲಿ ಕೂಲೆಂಟ್ ತಾನಾಗೇ ಗಟ್ಟಿಯಾಗುತ್ತದೆ. ಗಟ್ಟಿ ಕೂಲೆಂಟ್ ಚರ್ಮಕ್ಕೆ ಕೆಟ್ಟದ್ದು.

ಕೈ ತೊಳೆಯಲು ಸೀಮೆಎಣ್ಣೆ, ಥಿನ್ನರ್ ಬಳಸುತ್ತಿದ್ದೀರಾ? ಇವತ್ತೇ ಬಿಡಿ. ಸೋಪು, ನೀರು, ಒರೆಸಲು ಒಣ ಬಟ್ಟೆ. ಚಿಪ್ಸ್ ಮೆತ್ತಿದ ವೇಸ್ಟ್ ಬಟ್ಟೆಯಲ್ಲಿ ಒರೆಸಿದರೆ ಕಣ್ಣಿಗೆ ಕಾಣದ ಗೀರು ಬಿದ್ದು ಉರಿ ಜಾಸ್ತಿಯಾಗುತ್ತದೆ. ಚರ್ಮ ಒಡೆದಿದ್ದರೆ ಇಎಸ್‌ಐ ಡಾಕ್ಟರಿಗೆ ತೋರಿಸಿ. ಹೋಗುವಾಗ ಕೂಲೆಂಟ್ ಡಬ್ಬಿಯ ಲೇಬಲ್ ಫೋಟೊ ಮೊಬೈಲಿನಲ್ಲಿ ಇರಲಿ, ಕೆಲಸ ಏನು ಅಂತ ಅವರು ಕೇಳದಿದ್ದರೆ ನೀವೇ ಹೇಳಿ.